ಉಪ್ಪುನೀರೋ, ಸಿಲಿಕೋನೋ?

ಪ್ಲಾಸ್ಟಿಕ್ ಸರ್ಜನ್ನರೊಬ್ಬರ ಮೇಜಿನ ಮೇಲೆ ಎರಡು ಚೀಲಗಳಿವೆ ಎಂದುಕೊಳ್ಳಿ. ಎರಡೂ ಅಂಗೈ ತುಂಬುವಷ್ಟು ದೊಡ್ಡವು, ದುಂಡಗಿನವು, ಗಾಜಿನಂತೆ ತಿಳಿಯಾದವು. ಒಂದನ್ನು ಕೈಗೆತ್ತಿಕೊಂಡು ಅಲುಗಿಸಿದರೆ ನೀರು ತುಂಬಿದ ಬಲೂನಿನ ಹಾಗೆ ಕುಲುಕುತ್ತದೆ. ಇನ್ನೊಂದು ಕುಲುಕುವುದಿಲ್ಲ, ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಆತುರವಿಲ್ಲದೆ ಮೊದಲಿನ ಆಕಾರಕ್ಕೆ ಬರುತ್ತದೆ. ಮೊದಲನೆಯದರಲ್ಲಿ ಇರುವುದು ಉಪ್ಪುನೀರು, ಎರಡನೆಯದರಲ್ಲಿ ಸಿಲಿಕೋನ್ ಎಂಬ ಲೋಳೆ. ಎದುರಿಗೆ ಕುಳಿತ ಹೆಂಗಸು ಇವೆರಡರಲ್ಲಿ ಒಂದನ್ನು ಆರಿಸಬೇಕು. ಆರಿಸಿದ್ದು ಮುಂದೆ ಹತ್ತಾರು ವರ್ಷ ಅವಳ ಎದೆಯೊಳಗೆ ಇರುತ್ತದೆ.

ಆಕೆ ಕ್ಯಾನ್ಸರಿನಿಂದ ಒಂದು ಸ್ತನವನ್ನು ಕಳೆದುಕೊಂಡವಳಿರಬಹುದು. ಹುಟ್ಟಿನಿಂದಲೇ ಎರಡೂ ಸಮನಾಗಿ ಬೆಳೆಯದವಳಿರಬಹುದು. ಅಥವಾ ಯಾವ ಕಾಯಿಲೆಯೂ ಇಲ್ಲದೆ, ಕನ್ನಡಿಯಲ್ಲಿ ಕಂಡದ್ದು ಸಾಲದೆಂದು ಬಂದವಳೂ ಇರಬಹುದು. ಈ ಮೂರನೆಯವಳ ಮಾತು ಬಂದಾಗ ನಾವು ನಗುತ್ತೇವೆ, ಇಲ್ಲವೆ ಮೂಗು ಮುರಿಯುತ್ತೇವೆ. ನಕ್ಕು ಮುಗಿಸುವಷ್ಟು ಹಗುರವಾದ ವಿಷಯ ಇದಲ್ಲ. ಸಿಲಿಕೋನೋ ಉಪ್ಪುನೀರೋ ಎಂಬ ಪ್ರಶ್ನೆಯ ಬೆನ್ನಿಗೆ ಅರುವತ್ತು ವರ್ಷಗಳ ಚರಿತ್ರೆಯಿದೆ. ಅದರಲ್ಲಿ ಒಂದು ದೊಡ್ಡ ಕಂಪನಿ ದಿವಾಳಿಯೆದ್ದಿದೆ. ಒಂದು ಸರ್ಕಾರ ಹದಿನಾಲ್ಕು ವರ್ಷ ಹೆಂಗಸರ ಪರವಾಗಿ ತಾನೇ ಆಯ್ಕೆ ಮಾಡಿದೆ. ನ್ಯಾಯಾಲಯವೂ ವಿಜ್ಞಾನವೂ ಒಂದನ್ನೊಂದು ನಂಬದೆ ಎದುರುಬದುರು ನಿಂತಿವೆ.

ಮೇಣದಿಂದ ಮರಳಿನವರೆಗೆ

ಪ್ಲಾಸ್ಟಿಕ್ ಸರ್ಜರಿ ಎಂಬ ಹೆಸರಿಗೂ ನಾವು ದಿನವೂ ಬಳಸುವ ಪ್ಲಾಸ್ಟಿಕ್ಕಿಗೂ ಸಂಬಂಧವಿಲ್ಲ. ತಿದ್ದಿ ರೂಪ ಕೊಡುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು ಅದು. ದೇಹದ ಕೊರತೆಯನ್ನು ಅದೇ ದೇಹದ ಚರ್ಮ ಮಾಂಸಗಳಿಂದ ತುಂಬಬೇಕು ಎಂಬುದು ಈ ವಿದ್ಯೆಯ ಹಳೆಯ ನಿಯಮ. ನಮ್ಮಲ್ಲಿ ಸುಶ್ರುತನ ಕಾಲದಿಂದ ಮೂಗು ಕಟ್ಟುತ್ತಿದ್ದದ್ದು ಹಾಗೆಯೇ. ಈ ಕಥೆಯಲ್ಲಿ ಮೈಸೂರು ಸೀಮೆಗೂ ಒಂದು ಪಾತ್ರವಿದೆ. ಬ್ರಿಟಿಷ್ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಸೆರೆಸಿಕ್ಕಾಗ ಟಿಪ್ಪುವಿನ ಕಡೆಯವರು ಅವನ ಮೂಗನ್ನು ಕೊಯ್ದಿದ್ದರು. ಹಣೆಯ ಚರ್ಮವನ್ನು ಇಳಿಬಿಟ್ಟು ಅವನಿಗೆ ಹೊಸ ಮೂಗು ಮಾಡಿದ ವೃತ್ತಾಂತ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಅಚ್ಚಾಯಿತು. ಯುರೋಪಿನ ವೈದ್ಯರಿಗೆ ಈ ವಿದ್ಯೆಯಲ್ಲಿ ಹೊಸ ಆಸಕ್ತಿ ಹುಟ್ಟಲು ಆ ವೃತ್ತಾಂತ ಕಾರಣವಾಯಿತು.

ಸ್ತನದ ವಿಷಯದಲ್ಲೂ ಮೊದಲ ಹೆಜ್ಜೆ ಇದೇ ದಾರಿಯಲ್ಲಿತ್ತು. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ವಿನ್ಸೆಂಟ್ಸ್ ಚೆರ್ನಿ ಎಂಬ ಶಸ್ತ್ರವೈದ್ಯ ಒಬ್ಬ ಗಾಯಕಿಯ ಸ್ತನದಿಂದ ಗಡ್ಡೆಯನ್ನು ತೆಗೆದ. ಉಳಿದ ಹಳ್ಳಕ್ಕೆ ಏನು ಮಾಡುವುದು? ಅವಳ ಬೆನ್ನಿನಲ್ಲಿ ಕೊಬ್ಬಿನ ಗಂಟೊಂದಿತ್ತು. ಅದನ್ನೇ ತೆಗೆದು ಇಲ್ಲಿ ಇಟ್ಟ. ಎಲ್ಲರ ಬೆನ್ನಿನಲ್ಲೂ ಅಂಥ ಗಂಟಿರುವುದಿಲ್ಲವಲ್ಲ! ಹಾಗಾಗಿ ಹೊರಗಿನ ವಸ್ತುಗಳ ಹುಡುಕಾಟ ಶುರುವಾಯಿತು. ವಿಯೆನ್ನಾದ ರಾಬರ್ಟ್ ಗೆರ್ಸುನಿ ಪ್ಯಾರಫಿನ್ ಮೇಣವನ್ನು ಕರಗಿಸಿ ಸೂಜಿಯಲ್ಲಿ ಚುಚ್ಚುವ ಪದ್ಧತಿಯನ್ನು ತಂದ. ಕೆಲವು ವರ್ಷ ಎಲ್ಲ ಚೆನ್ನಾಗಿ ಕಂಡಿತು. ಆಮೇಲೆ ಮೇಣ ಒಳಗೇ ಸರಿದಾಡಿ ಗಂಟುಕಟ್ಟಿತು, ಚರ್ಮ ಹುಣ್ಣಾಯಿತು, ಕೆಲವರ ಸ್ತನವನ್ನೇ ತೆಗೆಯಬೇಕಾಯಿತು. 1950ರ ದಶಕದಲ್ಲಿ ಸ್ಪಂಜಿನ ತುಂಡುಗಳನ್ನು ಕತ್ತರಿಸಿ ಇಡುತ್ತಿದ್ದರು. ಅದು ಒಳಗೆ ಕುಗ್ಗಿ ಗಟ್ಟಿಯಾಗುತ್ತಿತ್ತು.

ಸಿಲಿಕೋನ್ ಬಂದದ್ದು ಆಮೇಲೆ. ಈ ಹೆಸರಿನ ಬಗ್ಗೆ ಒಂದು ಮಾತು ಹೇಳಿಬಿಡಬೇಕು, ಏಕೆಂದರೆ ಬೆಂಗಳೂರನ್ನು ‘ಸಿಲಿಕಾನ್ ಸಿಟಿ’ ಎಂದು ಕರೆದು ಕರೆದು ನಮಗೆ ಎರಡೂ ಒಂದೇ ಎನಿಸಿಬಿಟ್ಟಿದೆ. ಸಿಲಿಕಾನ್ ಎಂಬುದು ಮರಳಿನಲ್ಲಿರುವ ಮೂಲವಸ್ತು. ಕಂಪ್ಯೂಟರಿನ ಚಿಪ್ಪು ಅದರದು. ಸಿಲಿಕೋನ್ ಎಂಬುದು ಆ ಸಿಲಿಕಾನನ್ನೂ ಆಮ್ಲಜನಕವನ್ನೂ ಸರದಂತೆ ಪೋಣಿಸಿ, ಅಕ್ಕಪಕ್ಕಕ್ಕೆ ಇಂಗಾಲದ ತುಣುಕುಗಳನ್ನು ಸೇರಿಸಿ ಮನುಷ್ಯ ಮಾಡಿದ ವಸ್ತು. ಸರ ಗಿಡ್ಡವಿದ್ದರೆ ಎಣ್ಣೆ; ಉದ್ದವಾಗಿ ಒಂದಕ್ಕೊಂದು ಹೆಣೆದುಕೊಂಡರೆ ಲೋಳೆ; ಇನ್ನೂ ಬಿಗಿಯಾಗಿ ಹೆಣೆದರೆ ರಬ್ಬರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಫ್ರೆಡರಿಕ್ ಕಿಪ್ಪಿಂಗ್ ಎಂಬ ರಸಾಯನಶಾಸ್ತ್ರಜ್ಞ ಹೆಸರಿಟ್ಟದ್ದು. ದಶಕಗಟ್ಟಲೆ ಅದರ ಮೇಲೆ ದುಡಿದ ಅವರಿಗೇ ಇದು ಯಾವುದಾದರೂ ಉಪಯೋಗಕ್ಕೆ ಬಂದೀತೆಂಬ ನಂಬಿಕೆ ಹೆಚ್ಚಿರಲಿಲ್ಲ. ಎರಡನೆಯ ಮಹಾಯುದ್ಧ ಬಂದು ಎಲ್ಲ ಬದಲಾಯಿತು. ಎತ್ತರದಲ್ಲಿ ಹಾರುವ ವಿಮಾನಗಳ ಎಂಜಿನ್ನಿನೊಳಗೆ ತೇವ ಸೇರದಂತೆ ಮೆತ್ತಲು, ಬಿಸಿಗೂ ಚಳಿಗೂ ಜಗ್ಗದ ವಸ್ತುವೊಂದು ಬೇಕಾಗಿತ್ತು. 1943ರಲ್ಲಿ ಗಾಜಿನ ಕಂಪನಿ ಕಾರ್ನಿಂಗ್ ಮತ್ತು ರಾಸಾಯನಿಕಗಳ ಕಂಪನಿ ಡೌ ಸೇರಿ ಡೌ ಕಾರ್ನಿಂಗ್ ಎಂಬ ಕಂಪನಿಯನ್ನು ಕಟ್ಟಿದವು.

ಯುದ್ಧ ಮುಗಿದ ಮೇಲೆ ಈ ವಸ್ತು ಆಸ್ಪತ್ರೆಯೊಳಕ್ಕೆ ಬಂತು. ಮಿದುಳಿನಲ್ಲಿ ನೀರು ತುಂಬಿ ತಲೆ ಊದಿಕೊಳ್ಳುವ ಮಕ್ಕಳ ಕಾಯಿಲೆಯನ್ನು ನೋಡಿದವರಿಗೆ ಗೊತ್ತು. 1956ರಲ್ಲಿ ಫಿಲಡೆಲ್ಫಿಯಾದ ಜಾನ್ ಹೋಲ್ಟರ್ ಎಂಬ ಯಂತ್ರಗಾರ, ತನ್ನ ಮಗುವಿಗೇ ಆ ತೊಂದರೆಯಾದಾಗ, ನೀರನ್ನು ಒಂದೇ ದಿಕ್ಕಿಗೆ ಬಸಿದು ಬಿಡುವ ಕವಾಟವೊಂದನ್ನು ಸಿಲಿಕೋನ್ ರಬ್ಬರಿನಿಂದ ಮಾಡಿಕೊಟ್ಟ. ದೇಹ ಅದನ್ನು ತಿರಸ್ಕರಿಸಲಿಲ್ಲ. ಸಿಲಿಕೋನ್ ನಿರುಪದ್ರವಿ ಎಂಬ ನಂಬಿಕೆ ವೈದ್ಯರಲ್ಲಿ ಬೇರೂರಿದ್ದು ಇಂಥ ಅನುಭವಗಳಿಂದ. ಇದೇ ನಂಬಿಕೆಯ ಇನ್ನೊಂದು ಮುಖವೂ ಇತ್ತು. ಯುದ್ಧೋತ್ತರ ಜಪಾನಿನಲ್ಲೂ, ಮುಂದೆ ಅಮೆರಿಕದ ಲಾಸ್ ವೇಗಸ್ಸಿನಲ್ಲೂ ಹೆಂಗಸರ ಎದೆಗೆ ಸಿಲಿಕೋನ್ ದ್ರವವನ್ನು ಚೀಲವಿಲ್ಲದೆ ನೇರವಾಗಿ ಚುಚ್ಚುತ್ತಿದ್ದರು. ಗೆರ್ಸುನಿಯ ಮೇಣದ ಕಥೆಯೇ ಮತ್ತೊಮ್ಮೆ ನಡೆಯಿತು.

ಹ್ಯೂಸ್ಟನ್ನಿನ ರಕ್ತದ ಚೀಲ

ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಫ್ರಾಂಕ್ ಗೆರೋ ಎಂಬ ಎಳೆಯ ಸರ್ಜನ್ ಇದ್ದ. ಅಲ್ಲಿಯವರೆಗೆ ಗಾಜಿನ ಬಾಟಲಿಯಲ್ಲಿ ಬರುತ್ತಿದ್ದ ರಕ್ತ ಆಗಷ್ಟೇ ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿತ್ತು. ಅಂಥದೊಂದು ಚೀಲವನ್ನು ಕೈಯಲ್ಲಿ ಹಿಸುಕಿದ ಗೆರೋಗೆ ಅದರ ಸ್ಪರ್ಶ ಹೆಣ್ಣಿನ ಸ್ತನದಂತಿದೆ ಎನಿಸಿತಂತೆ. ಗೆರೋ ಮತ್ತು ಅವನ ಹಿರಿಯ ಥಾಮಸ್ ಕ್ರೋನಿನ್ ಡೌ ಕಾರ್ನಿಂಗ್ ಕಂಪನಿಯ ನೆರವಿನಿಂದ ಸಿಲಿಕೋನ್ ರಬ್ಬರಿನ ಚೀಲ ಮಾಡಿ ಒಳಗೆ ಸಿಲಿಕೋನ್ ಲೋಳೆ ತುಂಬಿದರು. ಎದೆಯ ಗೋಡೆಗೆ ಅಂಟಿ ನಿಲ್ಲಲೆಂದು ಹಿಂಬದಿಗೆ ಡೇಕ್ರಾನ್ ಬಟ್ಟೆಯ ತೇಪೆ ಹಚ್ಚಿದರು. ಮೊದಲು ಒಂದು ಹೆಣ್ಣು ನಾಯಿಯ ಮೇಲೆ ಪ್ರಯೋಗವಾಯಿತು.

1962ರ ವಸಂತದಲ್ಲಿ ಮೊದಲ ಹೆಂಗಸು ಸಿಕ್ಕಳು. ಆರು ಮಕ್ಕಳ ತಾಯಿ, ಬಡವಿ. ಎದೆಯ ಮೇಲಿದ್ದ ಹಚ್ಚೆಯನ್ನು ಅಳಿಸಿಕೊಳ್ಳಲೆಂದು ಧರ್ಮಾಸ್ಪತ್ರೆಗೆ ಬಂದಿದ್ದಳು. ಹೀಗೊಂದು ಹೊಸ ಶಸ್ತ್ರಚಿಕಿತ್ಸೆಯಿದೆ, ಮಾಡಿಸಿಕೊಳ್ಳುತ್ತೀಯಾ ಎಂದು ವೈದ್ಯರು ಕೇಳಿದರು. ಅವಳಿಗೆ ಸ್ತನದ ಬಗ್ಗೆ ಚಿಂತೆಯೇ ಇರಲಿಲ್ಲ. ಇದ್ದದ್ದು ತನ್ನ ಕಿವಿಗಳು ಮುಂದಕ್ಕೆ ಚಾಚಿಕೊಂಡಿವೆ ಎಂಬ ಬೇಸರ. ಕಿವಿಯನ್ನೂ ಸರಿಮಾಡಿಕೊಡುವುದಾದರೆ ಆಗಲಿ ಎಂದಳು. ಹೀಗೆ ಒಂದು ಜೊತೆ ಕಿವಿಯ ಲೆಕ್ಕದಲ್ಲಿ ಒಂದು ಉದ್ಯಮ ಹುಟ್ಟಿತು. 1963ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಪ್ಲಾಸ್ಟಿಕ್ ಸರ್ಜನ್ನರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಕ್ರೋನಿನ್ ಈ ವಿಷಯ ಮಂಡಿಸಿದ ಮೇಲೆ ಬೇಡಿಕೆ ತಾನೇತಾನಾಗಿ ಬೆಳೆಯಿತು.

ಇತ್ತ ಫ್ರಾನ್ಸಿನಲ್ಲಿ ಆರಿಯೋಂ ಎಂಬ ವೈದ್ಯ 1964-65ರ ಹೊತ್ತಿಗೆ ಇನ್ನೊಂದು ಉಪಾಯ ಹೂಡಿದ. ತುಂಬಿದ ಚೀಲವನ್ನು ತೂರಿಸಲು ದೊಡ್ಡ ಗಾಯ ಮಾಡಬೇಕು. ಖಾಲಿ ಚೀಲವಾದರೆ ಬೀಡಿಯಂತೆ ಸುರುಳಿ ಸುತ್ತಿ ಸಣ್ಣ ಸೀಳಿನಲ್ಲೇ ಒಳಗೆ ತಳ್ಳಿ, ಆಮೇಲೆ ನಳಿಗೆಯಿಂದ ಉಪ್ಪುನೀರು ತುಂಬಬಹುದು. ನಮ್ಮ ಆಸ್ಪತ್ರೆಗಳಲ್ಲಿ ಕಬ್ಬಿಣದ ಕಂಬಕ್ಕೆ ತೂಗುಹಾಕಿ ‘ಗ್ಲೂಕೋಸ್ ಹಾಕಿದ್ದಾರೆ’ ಎನ್ನುತ್ತೇವಲ್ಲ, ಆ ಬಾಟಲಿಗಳಲ್ಲಿ ಎಷ್ಟೋ ಸಲ ಇರುವುದು ಇದೇ ಸಲೈನ್ ದ್ರವ. ನೂರು ಪಾಲಿನಲ್ಲಿ ಒಂದು ಪಾಲಿಗಿಂತ ಕೊಂಚ ಕಡಿಮೆ ಉಪ್ಪು, ಉಳಿದದ್ದು ನೀರು. ಸೋರಿದರೂ ದೇಹ ಹೀರಿಕೊಳ್ಳುತ್ತದೆ. ಉಪಾಯ ಚೆನ್ನಾಗಿತ್ತು, ಚೀಲ ಚೆನ್ನಾಗಿರಲಿಲ್ಲ. ಮೊದಮೊದಲ ಸಲೈನ್ ಚೀಲಗಳು ಸೋರಿ ಸೋರಿ ಚಪ್ಪಟೆಯಾಗುತ್ತಿದ್ದವು. ಹೀಗಾಗಿ ಸುಮಾರು ಮೂವತ್ತು ವರ್ಷ ಸಿಲಿಕೋನಿನದೇ ಆಟ.

ಎಣ್ಣೆ ಜಿನುಗುವ ಚೀಲ

1970ರ ದಶಕದಲ್ಲಿ ಚೀಲ ಮೆತ್ತಗಿರಬೇಕೆಂಬ ಬೇಡಿಕೆ ಬಂದು ಕಂಪನಿಗಳು ಅದರ ಗೋಡೆಯನ್ನು ತೆಳುವಾಗಿಸಿದವು, ಒಳಗಿನ ಲೋಳೆಯನ್ನೂ ತೆಳುವಾಗಿಸಿದವು. ಒಡೆಯದಿದ್ದರೂ ಒಳಗಿನ ಎಣ್ಣೆ ಗೋಡೆಯ ಮೂಲಕ ಸ್ವಲ್ಪಸ್ವಲ್ಪವೇ ಜಿನುಗತೊಡಗಿತು. 1975ರಲ್ಲಿ ಡೌ ಕಾರ್ನಿಂಗಿನ ಒಳಗಿನ ಒಂದು ಪತ್ರ ಮಾರಾಟಗಾರರಿಗೆ ಹೇಳಿದ ಬುದ್ಧಿವಾದ ಇದು: ತೋರಿಸುವ ನಮೂನೆಗಳು ಕೈಯಾಡಿದಂತೆ ಎಣ್ಣೆ ಎಣ್ಣೆಯಾಗುತ್ತವೆ, ವೈದ್ಯರಿಗೆ ತೋರಿಸುವ ಮೊದಲು ಸಾಬೂನು ಹಚ್ಚಿ ತೊಳೆದು ಒರೆಸಿಕೊಂಡು ಹೋಗಿ. ಮಾರುವವನ ಕೈ ಎಣ್ಣೆಯಾಗುವುದನ್ನು ತಿಳಿದ ಕಂಪನಿ ಕೊಳ್ಳುವವಳ ಎದೆಯೊಳಗೆ ಏನಾಗುತ್ತದೆಂದು ತಿಳಿಯಲು ಅಷ್ಟೇ ಆತುರಪಡಲಿಲ್ಲ. ಮುಂದೆ ನಡೆದ ಎಲ್ಲದಕ್ಕೂ ಇದು ಮೂಲ ಎಂದು ನನಗನಿಸುತ್ತದೆ. ವಿಷ ಮಾರಿದರೆಂಬುದು ಸಾಬೀತಾಗಲಿಲ್ಲ. ತಿಳಿದುಕೊಳ್ಳುವ ಕೆಲಸವನ್ನು ಮಾಡಲಿಲ್ಲ ಎಂಬುದು ಮಾತ್ರ ನಿಜ.

ಸರ್ಕಾರದ್ದೂ ಇದೇ ಕಥೆ. ವೈದ್ಯಕೀಯ ಸಾಧನಗಳ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಗೆ, ಅಂದರೆ ಎಫ್‌ಡಿಎಗೆ, ಪೂರ್ತಿ ಅಧಿಕಾರ ಬಂದದ್ದೇ 1976ರಲ್ಲಿ. ಅಷ್ಟರೊಳಗೆ ಮಾರುಕಟ್ಟೆಯಲ್ಲಿದ್ದ ವಸ್ತುಗಳು ಹಳೆಯ ನೆಂಟರಂತೆ ಪ್ರಶ್ನೆಯಿಲ್ಲದೆ ಒಳಗೇ ಉಳಿದವು. ಹನ್ನೆರಡು ವರ್ಷ ಬಿಟ್ಟು, 1988ರಲ್ಲಿ, ಸುರಕ್ಷಿತವೆಂದು ತೋರಿಸಿ ಎಂದು ಕಂಪನಿಗಳಿಗೆ ಹೇಳಿದರು. ಅಷ್ಟರಲ್ಲಿ ಸುಮಾರು 10 ಲಕ್ಷ ಅಮೆರಿಕನ್ ಹೆಂಗಸರು ಈ ಚೀಲಗಳನ್ನು ಹೊತ್ತಿದ್ದರು.

ಅವರಲ್ಲಿ ಕೆಲವರಿಗೆ ಕೀಲುನೋವು, ವಿಪರೀತ ಸುಸ್ತು. ಇನ್ನು ಕೆಲವರಿಗೆ ಲೂಪಸ್, ಸ್ಕ್ಲೀರೋಡರ್ಮ, ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ಕಾವಲು ಪಡೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳು. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮೊಕದ್ದಮೆಯಲ್ಲಿ ವಕೀಲರು ಕಂಪನಿಯ ಒಳಗಿನ ಕಾಗದಪತ್ರಗಳನ್ನು ಹೊರಗೆ ತಂದರು. ರಾಜಿಯ ಕರಾರಿನಂತೆ ಆ ಕಾಗದಗಳಿಗೆ ಮತ್ತೆ ಬೀಗ ಬಿತ್ತು. 1990ರ ಡಿಸೆಂಬರಿನಲ್ಲಿ ಟೆಲಿವಿಷನ್ ವರದಿಗಾರ್ತಿ ಕಾನಿ ಚುಂಗ್ ಈ ಹೆಂಗಸರನ್ನು ತೆರೆಯ ಮೇಲೆ ತಂದರು. 1991ರ ಕೊನೆಗೆ ಇನ್ನೊಂದು ಜ್ಯೂರಿ ಒಬ್ಬ ಹೆಂಗಸಿಗೆ 73 ಲಕ್ಷ ಡಾಲರ್ ಪರಿಹಾರ ಕೊಡಿಸಿತು.

1992ರ ಜನವರಿಯಲ್ಲಿ ಎಫ್‌ಡಿಎ ಮುಖ್ಯಸ್ಥ ಡೇವಿಡ್ ಕೆಸ್ಲರ್ ಸಿಲಿಕೋನ್ ಚೀಲಗಳ ಬಳಕೆಯನ್ನು ತಡೆದರು. ಏಪ್ರಿಲ್‌ನಲ್ಲಿ ಬಂದ ತೀರ್ಮಾನ ವಿಚಿತ್ರವಾಗಿತ್ತು. ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರಿಗೆ ಸಿಲಿಕೋನ್ ದೊರೆಯುತ್ತದೆ, ಆದರೆ ಅಧ್ಯಯನಕ್ಕೆ ಒಳಪಡಬೇಕು. ಆರೋಗ್ಯವಂತೆಗೆ ಅಂದಕ್ಕಾಗಿ ಬೇಕಿದ್ದರೆ, ಕೆಲವೇ ಪ್ರಯೋಗಗಳನ್ನು ಬಿಟ್ಟು, ಉಪ್ಪುನೀರು ಮಾತ್ರ. ಅಪಾಯಕಾರಿ ಎಂದು ಸಾಬೀತಾಗಿದೆ ಎಂದು ಕೆಸ್ಲರ್ ಹೇಳಲಿಲ್ಲ; ಸುರಕ್ಷಿತ ಎಂದು ಕಂಪನಿಗಳು ಸಾಬೀತು ಮಾಡಿಲ್ಲ ಎಂದರು. ಕಾನೂನಿನ ದೃಷ್ಟಿಯಿಂದ ಮಾತು ಸರಿಯೇ. ಆದರೆ ಮನೆಯಲ್ಲಿ ಕುಳಿತು ಟಿವಿ ನೋಡುತ್ತಿದ್ದ ಹತ್ತು ಲಕ್ಷ ಮಂದಿಗೆ ಈ ಸೂಕ್ಷ್ಮ ತಿಳಿಯುವುದು ಹೇಗೆ? ತಮ್ಮೊಳಗೆ ವಿಷವಿದೆ ಎಂದೇ ಅವರು ಅರ್ಥಮಾಡಿಕೊಂಡರು. ಕೆಲವರು ಒಳ್ಳೆಯ ಸ್ಥಿತಿಯಲ್ಲಿದ್ದ ಚೀಲಗಳನ್ನೂ ತೆಗೆಸಿಬಿಟ್ಟರು. ಮಹಿಳಾ ಸಂಘಟನೆಗಳೂ ಇಬ್ಭಾಗವಾದವು. ಕೊನೆಗೂ ಸರ್ಕಾರ ಕಣ್ಣು ಬಿಟ್ಟಿತು ಎಂದವರಿದ್ದರು. ಹೆಂಗಸಿಗೆ ಅಪಾಯದ ಲೆಕ್ಕ ಹಾಕಲು ಬರುವುದಿಲ್ಲವೇ, ಸಿಗರೇಟಿಗಿಲ್ಲದ ನಿಷೇಧ ಇದಕ್ಕೇಕೆ ಎಂದವರೂ ಇದ್ದರು.

ಐದು ಮತ್ತು ಹತ್ತು

ವಕೀಲರ ಕಚೇರಿಗಳ ಮುಂದೆ ಸಾಲು ಬೆಳೆಯಿತು. 1994ರಲ್ಲಿ ಕಂಪನಿಗಳೆಲ್ಲ ಸೇರಿ 425 ಕೋಟಿ ಡಾಲರ್‌ಗಳ ರಾಜಿಗೆ ಒಪ್ಪಿದವು. ಪಾಲು ಕೇಳಿ ಹೆಸರು ನೋಂದಾಯಿಸಿದವರು 4 ಲಕ್ಷಕ್ಕೂ ಹೆಚ್ಚು. ಹಣ ಸಾಲದೆ ರಾಜಿ ಮುರಿಯಿತು, 1995ರ ಮೇ ತಿಂಗಳಲ್ಲಿ ಡೌ ಕಾರ್ನಿಂಗ್ ದಿವಾಳಿ ಅರ್ಜಿ ಹಾಕಿತು. ಅದರಿಂದ ಹೊರಬಂದದ್ದು 2004ರಲ್ಲಿ.

ಇದರ ನಡುವೆ, ಅದೇ 1994ರ ಜೂನ್‌ನಲ್ಲಿ, ಮೇಯೋ ಕ್ಲಿನಿಕ್‌ನ ವೈದ್ಯರು ಒಂದು ಲೆಕ್ಕ ಪ್ರಕಟಿಸಿದರು. ಮಿನ್ನೆಸೋಟಾದ ಓಮ್‌ಸ್ಟೆಡ್ ಕೌಂಟಿಯಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡಿದ್ದ 749 ಹೆಂಗಸರು ಒಂದು ಕಡೆ. ಅದೇ ವಯಸ್ಸಿನ, ಇಂಪ್ಲಾಂಟ್ ಇಲ್ಲದ 1,498 ಮಂದಿ, ಅಂದರೆ ಸರಿಯಾಗಿ ಎರಡರಷ್ಟು ಜನ, ಇನ್ನೊಂದು ಕಡೆ. ಮೇಲೆ ಹೇಳಿದ ಬಗೆಯ ಕಾಯಿಲೆಗಳು ಮೊದಲ ಗುಂಪಿನಲ್ಲಿ ಬಂದದ್ದು 5 ಮಂದಿಗೆ, ಎರಡನೆಯದರಲ್ಲಿ 10 ಮಂದಿಗೆ. ವ್ಯತ್ಯಾಸವೇ ಇಲ್ಲ! ಮರುವರ್ಷ 87 ಸಾವಿರಕ್ಕೂ ಹೆಚ್ಚು ನರ್ಸುಗಳ ಇನ್ನೊಂದು ಅಧ್ಯಯನವೂ ಸಂಬಂಧ ಕಾಣಲಿಲ್ಲ ಎಂದಿತು.

ಹಾಗಾದರೆ ಆ ಹೆಂಗಸರು ಸುಳ್ಳು ಹೇಳಿದರೇ? ಇಲ್ಲ. ಅವರ ಕಾಯಿಲೆ ನಿಜ, ಚೀಲವೂ ನಿಜ. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನ ಸಂಪಾದಕಿಯಾಗಿದ್ದ ಮಾರ್ಸಿಯಾ ಏಂಜೆಲ್ 1996ರ ತಮ್ಮ ಪುಸ್ತಕದಲ್ಲಿ ಇದನ್ನು ಸರಳವಾದ ಲೆಕ್ಕದಿಂದ ತೋರಿಸಿದರು. ಇಂಪ್ಲಾಂಟ್ ಇರುವವರು 10 ಲಕ್ಷ. ಈ ಬಗೆಯ ಕಾಯಿಲೆಗಳು ಹೇಗೂ ನೂರಕ್ಕೆ ಒಬ್ಬ ಹೆಂಗಸಿಗೆ ಬರುತ್ತವೆ. ಹಾಗಿದ್ದ ಮೇಲೆ ಎರಡೂ ಒಟ್ಟಿಗೆ ಇರುವವರು ಕೇವಲ ಕಾಕತಾಳೀಯವಾಗಿಯೇ 10 ಸಾವಿರ ಮಂದಿ ಇರಬೇಕು. ಆ ಹತ್ತು ಸಾವಿರದಲ್ಲಿ ಒಬ್ಬಳು ಕಟಕಟೆಯಲ್ಲಿ ನಿಂತು ಅತ್ತಾಗ ಜ್ಯೂರಿಯ ಮುಂದೆ ಇರುವುದು ಅವಳೊಬ್ಬಳೇ; ಇಂಪ್ಲಾಂಟ್ ಇದ್ದೂ ಆರೋಗ್ಯವಾಗಿರುವ ಉಳಿದ ಒಂಬತ್ತು ಲಕ್ಷ ತೊಂಬತ್ತು ಸಾವಿರ ಮಂದಿ ಸಾಕ್ಷಿ ಹೇಳಲು ಬರುವುದಿಲ್ಲ. ಕಾಗೆ ಕೂತದ್ದೂ ಕೊಂಬೆ ಮುರಿದದ್ದೂ ನಮ್ಮ ಹಿರಿಯರಿಗೆ ಗೊತ್ತಿದ್ದ ವಿಷಯವೇ. ಕೊಂಬೆ ನಮ್ಮ ತಲೆಯ ಮೇಲೇ ಬಿದ್ದಾಗ ಮಾತ್ರ ಕಾಗೆಯನ್ನು ಬಿಟ್ಟುಬಿಡುವುದು ಕಷ್ಟ.

ದೇಶದ ಮೊಕದ್ದಮೆಗಳನ್ನೆಲ್ಲ ಒಟ್ಟುಗೂಡಿಸಿ ನೋಡುತ್ತಿದ್ದ ಅಲಬಾಮಾದ ನ್ಯಾಯಾಧೀಶ ಸ್ಯಾಮ್ ಪಾಯಿಂಟರ್, ಎರಡೂ ಕಡೆಯ ಕೂಲಿ ತಜ್ಞರಿಂದ ಬೇಸತ್ತು, 1996ರಲ್ಲಿ ತಾವೇ ನಾಲ್ವರು ಸ್ವತಂತ್ರ ವಿಜ್ಞಾನಿಗಳನ್ನು ನೇಮಿಸಿದರು. 1998ರ ಕೊನೆಗೆ ಬಂದ ಅವರ ವರದಿಯೂ, 1999ರಲ್ಲಿ ಬಂದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ ದೊಡ್ಡ ವರದಿಯೂ ಒಂದೇ ಮಾತು ಹೇಳಿದವು: ಮೈಯೆಲ್ಲ ಆವರಿಸುವ ಕಾಯಿಲೆಗಳಿಗೆ ಸಿಲಿಕೋನ್ ಕಾರಣವೆಂಬುದಕ್ಕೆ ಪುರಾವೆಯಿಲ್ಲ. ಇಂಪ್ಲಾಂಟ್ ಇದ್ದ ಜಾಗದ ತೊಂದರೆಗಳು ಮಾತ್ರ ನಿಜ, ಅವು ಪದೇ ಪದೇ ಬರುವಂಥವು.

ಈ ಗಲಾಟೆಯ ಬಿಸಿ ಯಾರಿಗೆ ತಟ್ಟಿತು ನೋಡಿ. ಮೊಕದ್ದಮೆಗೆ ಹೆದರಿದ ಕಂಪನಿಗಳು ದೇಹದೊಳಗೆ ಇಡುವ ಸಾಧನಗಳಿಗೆ ಕಚ್ಚಾವಸ್ತು ಮಾರುವುದನ್ನೇ ನಿಲ್ಲಿಸತೊಡಗಿದವು. ಮಿದುಳಿನ ನೀರು ಬಸಿಯುವ ಮಕ್ಕಳ ಕವಾಟಕ್ಕೆ, ಹೃದಯದ ಪೇಸ್‌ಮೇಕರ್ ತಂತಿಗೆ ಸಿಲಿಕೋನ್ ಸಿಗದೇ ಹೋದೀತೆಂಬ ಭಯ ಹುಟ್ಟಿ, 1998ರಲ್ಲಿ ಅಮೆರಿಕದ ಸಂಸತ್ತು ಕಚ್ಚಾವಸ್ತು ಪೂರೈಸುವವರಿಗೆ ರಕ್ಷಣೆ ಕೊಡುವ ಕಾನೂನು ಮಾಡಬೇಕಾಯಿತು.

ಎಫ್‌ಡಿಎ 2000ದಲ್ಲಿ ಸಲೈನ್ ಚೀಲಗಳಿಗೆ ವಿಧಿವತ್ತಾದ ಒಪ್ಪಿಗೆ ಕೊಟ್ಟಿತು, 2006ರ ನವೆಂಬರಿನಲ್ಲಿ ಸಿಲಿಕೋನಿಗೂ ಕೊಟ್ಟಿತು. ವಯಸ್ಸಿನ ಮಿತಿಯಲ್ಲಿ ಒಂದು ಭೇದ ಉಳಿಯಿತು. ಅಂದಕ್ಕಾಗಿ ಹಾಕಿಸಿಕೊಳ್ಳುವುದಾದರೆ ಸಲೈನಿಗೆ 18 ತುಂಬಿರಬೇಕು, ಸಿಲಿಕೋನಿಗೆ 22.

ಹಾಗಾದರೆ ಯಾವುದು?

ಬಾಗಿಲು ತೆರೆದ ಮೇಲೆ ಅಮೆರಿಕದಲ್ಲಿ ಬಹುಪಾಲು ಮಂದಿ ಸಿಲಿಕೋನನ್ನೇ ಆರಿಸಿದರು. ಕಾರಣ ಮುಟ್ಟಿದರೆ ತಿಳಿಯುತ್ತದೆ. ಅದು ಮಾಂಸದಂತೆ ಇರುತ್ತದೆ. ಸಲೈನ್ ಚೀಲ ಬಿಗಿಯಾಗಿರುತ್ತದೆ, ಅಂಚಿನಲ್ಲಿ ಸುಕ್ಕು ಮೂಡುತ್ತದೆ. ಮೇಲೆ ಸಾಕಷ್ಟು ಮಾಂಸವಿದ್ದವರಲ್ಲಿ ಇದು ಕಾಣುವುದಿಲ್ಲ, ತೆಳ್ಳಗಿನವರಲ್ಲಿ ಕಾಣುತ್ತದೆ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಬಳಿಕ ಉಳಿಯುವುದು ಹೆಚ್ಚುಕಡಿಮೆ ಚರ್ಮ ಮಾತ್ರವಾದ್ದರಿಂದ ಅಲ್ಲಿ ಸರ್ಜನ್ನರ ಒಲವು ಸಿಲಿಕೋನಿನ ಕಡೆಗೆ. ಆದರೆ ಅಲ್ಲೂ ಎಷ್ಟೋ ಮಂದಿ ಮೊದಲು ಹೊರುವುದು ಉಪ್ಪುನೀರನ್ನೇ. ಬಿಗಿದ ಚರ್ಮವನ್ನು ಹಿಗ್ಗಿಸಲು ಖಾಲಿ ಚೀಲವೊಂದನ್ನು ಒಳಗಿಟ್ಟು, ವಾರವಾರ ಸೂಜಿಯಿಂದ ಇಷ್ಟಿಷ್ಟೇ ಸಲೈನ್ ತುಂಬುತ್ತಾರೆ. ಜಾಗವಾದ ಮೇಲೆ ಅದನ್ನು ತೆಗೆದು ಕಾಯಂ ಚೀಲವನ್ನಿಡುತ್ತಾರೆ.

ಒಡೆದಾಗ ಏನಾಗುತ್ತದೆ ಎಂಬುದು ಇನ್ನೊಂದು ದೊಡ್ಡ ವ್ಯತ್ಯಾಸ. ಸಲೈನ್ ಚೀಲ ಒಡೆದರೆ ಮುಚ್ಚುಮರೆ ಇಲ್ಲ. ಒಂದೆರಡು ದಿನದಲ್ಲಿ ಒಂದು ಕಡೆ ಚಪ್ಪಟೆಯಾಗಿರುತ್ತದೆ, ರವಿಕೆ ತೊಡುವಾಗಲೇ ಗೊತ್ತಾಗುತ್ತದೆ. ನೀರು ಮೂತ್ರದಲ್ಲಿ ಹೊರಟುಹೋಗುತ್ತದೆ. ಖಾಲಿ ಚೀಲ ತೆಗೆಯಲು ಮತ್ತೆ ಆಪರೇಷನ್ ಆಗಬೇಕು, ಅಷ್ಟೆ. ಸಿಲಿಕೋನ್ ಚೀಲ ಒಡೆದರೆ ಎಷ್ಟೋ ಸಲ ಯಾರಿಗೂ ತಿಳಿಯುವುದೇ ಇಲ್ಲ. ಲೋಳೆ ಅಲ್ಲೇ ನಿಂತಿರುತ್ತದೆ, ಆಕಾರ ಹಾಗೇ ಇರುತ್ತದೆ. ಅದಕ್ಕೇ ನಿಗದಿತ ಅವಧಿಗೆ ಪರೀಕ್ಷೆ ಮಾಡಿಸಬೇಕು. 2020ರ ಎಫ್‌ಡಿಎ ಸಲಹೆಯಂತೆ ಐದಾರು ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. ನಮ್ಮಲ್ಲಿ ಚೀಲದ ಬೆಲೆ ಕೇಳುವವರು ಈ ಪರೀಕ್ಷೆಗಳ ಬೆಲೆಯನ್ನೂ ಸೇರಿಸಿ ಕೇಳುವುದು ಒಳ್ಳೆಯದು. ಈಗಿನ ಗಟ್ಟಿ ಸಿಲಿಕೋನ್ ಹಳೆಯದರಂತೆ ಹರಿಯುವುದಿಲ್ಲ. ಮಲೆನಾಡು ಕರಾವಳಿಗಳ ಹಾಲುಬಾಯಿ ಗೊತ್ತಿದ್ದವರಿಗೆ ಹೇಳುವುದಾದರೆ, ಚಾಕುವಿನಿಂದ ಕೊಯ್ದರೆ ಹೋಳು ಹೋಳಾಗಿಯೇ ನಿಲ್ಲುತ್ತದೆ.

ಇಷ್ಟು ಬಿಟ್ಟರೆ ಉಳಿದ ತೊಂದರೆಗಳಲ್ಲಿ ಎರಡೂ ಅಕ್ಕತಂಗಿಯರು. ಹೊರಗಿನ ವಸ್ತು ಒಳಬಂದರೆ ದೇಹ ಅದರ ಸುತ್ತ ನಾರಿನ ಗೋಡೆ ಕಟ್ಟುತ್ತದೆ. ಕೆಲವರಲ್ಲಿ ಆ ಗೋಡೆ ಬಿಗಿಯುತ್ತ ಹೋಗಿ ಸ್ತನ ಕಲ್ಲಿನಂತಾಗುತ್ತದೆ, ನೋಯುತ್ತದೆ. ವಿಕಿರಣ ಚಿಕಿತ್ಸೆ ಆಗಿದ್ದರೆ ಇದರ ಸಂಭವ ಹೆಚ್ಚು. ಮ್ಯಾಮೊಗ್ರಾಮ್‌ನಲ್ಲಿ ಚೀಲ ಅಡ್ಡ ಬರುವುದರಿಂದ ತಂತ್ರಜ್ಞರಿಗೆ ಮೊದಲೇ ಹೇಳಬೇಕು. ಅದನ್ನು ಹಿಂದಕ್ಕೆ ಸರಿಸಿ ಚಿತ್ರ ತೆಗೆಯುವ ಕ್ರಮವಿದೆ. ಮುಖ್ಯವಾಗಿ, ಯಾವುದೂ ಜೀವನಪರ್ಯಂತದ್ದಲ್ಲ. ಅಂದಕ್ಕಾಗಿ ಹಾಕಿಸಿಕೊಂಡ ಐವರಲ್ಲಿ ಒಬ್ಬರಷ್ಟು ಮಂದಿ ಎಂಟು ಹತ್ತು ವರ್ಷದೊಳಗೆ ತೆಗೆಸಬೇಕಾಗುತ್ತದೆ ಎಂದು ಎಫ್‌ಡಿಎ ಹೇಳುತ್ತದೆ. ಇಪ್ಪತ್ತೈದರ ಹುಡುಗಿ ಒಂದು ಆಪರೇಷನ್ನಿಗೆ ಒಪ್ಪಿದ್ದೇನೆ ಎಂದುಕೊಂಡರೆ ಅದು ತಪ್ಪು ಲೆಕ್ಕ.

ಎರಡೂ ಬೇಡವೆನ್ನುವ ದಾರಿಯೂ ಇದೆ. ಕ್ಯಾನ್ಸರಿನ ಬಳಿಕ ಹೊಟ್ಟೆಯ ಅಥವಾ ಬೆನ್ನಿನ ಮಾಂಸದಿಂದಲೇ ಸ್ತನ ಕಟ್ಟುತ್ತಾರೆ. ಚೆರ್ನಿಯ ಹಳೆಯ ನಿಯಮವೇ ಮರಳಿ ಬಂತು ಎನ್ನಿ. ಬಾರ್ಬಿ ಗೊಂಬೆಯನ್ನು ಹುಟ್ಟಿಸಿದ ರೂತ್ ಹ್ಯಾಂಡ್ಲರ್ 1970ರಲ್ಲಿ ತಮಗೇ ಸ್ತನ ಕ್ಯಾನ್ಸರ್ ಆದಾಗ ರವಿಕೆಯೊಳಗೆ ಇಟ್ಟುಕೊಳ್ಳುವ, ಎಡಕ್ಕೊಂದು ಬಲಕ್ಕೊಂದು ಬೇರೆಬೇರೆಯಾದ ಕೃತಕ ಸ್ತನ ಮಾಡಿ ಮಾರಿದರು. ಏನನ್ನೂ ಇಟ್ಟುಕೊಳ್ಳದೆ ಇರುವವರೂ ಬಹಳ.

ಜಗಳ ತಿರುಳಿನದು, ತೊಂದರೆ ಸಿಪ್ಪೆಯದು

ನಾನು ಇಷ್ಟೂ ಹೊತ್ತು ಸಿಲಿಕೋನ್ ಚೀಲ, ಸಲೈನ್ ಚೀಲ ಎಂದು ಬರೆದೆ. ಸಲೈನ್ ಚೀಲದ ಗೋಡೆಯೂ ಸಿಲಿಕೋನ್ ರಬ್ಬರಿನದೇ! ಉಪ್ಪುನೀರನ್ನು ಆರಿಸಿಕೊಂಡು ಸಿಲಿಕೋನಿನಿಂದ ಪಾರಾದೆ ಎನ್ನುವ ಹಾಗಿಲ್ಲ. ನಾವು ಚುಚ್ಚಿಸಿಕೊಳ್ಳುವ ಇಂಜೆಕ್ಷನ್ ಸೂಜಿಗೂ ನಯವಾಗಿ ಇಳಿಯಲೆಂದು ಸವರುವುದು ಸಿಲಿಕೋನ್ ಎಣ್ಣೆಯನ್ನೇ.

ಇಪ್ಪತ್ತು ವರ್ಷ ಎಲ್ಲರ ಕಣ್ಣೂ ಒಳಗಿನ ತಿರುಳಿನ ಮೇಲಿದ್ದಾಗ, ನಿಜವಾದ ಅಪಾಯವೊಂದು ಹೊರಗಿನ ಗೋಡೆಯಲ್ಲಿ ಬೆಳೆಯುತ್ತಿತ್ತು. ಸ್ತನ ಗಟ್ಟಿಯಾಗುವುದನ್ನು ತಡೆಯಲೆಂದು ಕಂಪನಿಗಳು ಚೀಲದ ಮೈಯನ್ನು ಉಪ್ಪುಕಾಗದದಂತೆ ಒರಟಾಗಿಸಿದ್ದವು. ಇಂಪ್ಲಾಂಟಿನ ಸುತ್ತಲ ನಾರಿನಲ್ಲಿ ಹುಟ್ಟುವ ಒಂದು ಅಪರೂಪದ ರಕ್ತಕಣದ ಕ್ಯಾನ್ಸರ್ ಇದೆ ಎಂದು 2011ರಲ್ಲಿ ಎಫ್‌ಡಿಎ ಎಚ್ಚರಿಸಿತು. ಅದು ಕಾಣಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ಒರಟು ಮೈಯ ಚೀಲಗಳಲ್ಲಿ. ಒಳಗೆ ಉಪ್ಪುನೀರಿದ್ದರೂ ಅಷ್ಟೆ, ಲೋಳೆಯಿದ್ದರೂ ಅಷ್ಟೆ. 2019ರ ಜುಲೈ ಹೊತ್ತಿಗೆ ಜಗತ್ತಿನಲ್ಲಿ 573 ಪ್ರಕರಣಗಳು, 33 ಸಾವುಗಳು ಲೆಕ್ಕಕ್ಕೆ ಬಂದಿದ್ದವು. 573ರಲ್ಲಿ 481 ಅಲರ್ಗನ್ ಕಂಪನಿಯ ಚೀಲಗಳಿಗೆ ಸೇರಿದವು. ಕಂಪನಿ ತನ್ನ ಆ ಬಗೆಯ ಚೀಲಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ತೆಗೆದುಕೊಂಡಿತು.

ಇನ್ನು ಮೋಸವೇ ಬೇರೆ. ದಕ್ಷಿಣ ಫ್ರಾನ್ಸಿನ ಪಿಐಪಿ ಎಂಬ ಕಂಪನಿಯ ಒಡೆಯ ಜಾನ್ ಕ್ಲೋಡ್ ಮಾಸ್, ದೇಹಕ್ಕೆಂದು ಮಾಡದ, ಕೈಗಾರಿಕೆಗೆ ಬಳಸುವ ಅಗ್ಗದ ಸಿಲಿಕೋನನ್ನು ತುಂಬಿ ಮಾರುತ್ತಿದ್ದುದು 2010ರಲ್ಲಿ ಬಯಲಾಯಿತು. ತಪಾಸಣೆಗೆ ಬರುವವರಿಗೆ ಒಳ್ಳೆಯ ಸಿಲಿಕೋನನ್ನೇ ತೋರಿಸುತ್ತಿದ್ದರು. ಫ್ರಾನ್ಸಿನಲ್ಲೇ ಸುಮಾರು 30 ಸಾವಿರ, ಜಗತ್ತಿನಲ್ಲಿ ಲಕ್ಷಾಂತರ ಹೆಂಗಸರು ಅದನ್ನು ಹೊತ್ತಿದ್ದರು. 2013ರಲ್ಲಿ ಮಾಸ್‌ಗೆ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು. ಅವರಲ್ಲಿ ಬಹಳ ಮಂದಿ ಸರ್ಜನ್ನರ ಮೇಜಿನ ಮುಂದೆ ಕುಳಿತು, ಎಲ್ಲ ಕೇಳಿ ತಿಳಿದು, ಒಳ್ಳೆಯದೆಂದೇ ಆರಿಸಿದ್ದರು.

ಸುಸ್ತು, ಮರೆವು, ಕೀಲುನೋವುಗಳ ದೂರು ನಿಂತಿಲ್ಲ. 2021ರ ಅಕ್ಟೋಬರಿನಲ್ಲಿ ಎಫ್‌ಡಿಎ ಈ ದೂರುಗಳನ್ನೂ ಸೇರಿಸಿ, ಚೀಲಗಳಿಗೆ ಕಪ್ಪು ಚೌಕದೊಳಗಿನ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಅಪಾಯಗಳ ಪಟ್ಟಿಯೊಂದನ್ನು ವೈದ್ಯರು ರೋಗಿಯ ಎದುರು ಸಾಲು ಸಾಲಾಗಿ ಓದಿ ಸಹಿ ಹಾಕಿಸಿಕೊಳ್ಳಬೇಕು. ಹಾಗೆ ಮಾಡದ ಆಸ್ಪತ್ರೆಗೆ ಚೀಲ ಮಾರುವಂತಿಲ್ಲ. ಕಾರಣ ಸಾಬೀತಾಗಿಲ್ಲ, ಆದರೂ ಹೇಳಿಬಿಡೋಣ ಎಂಬ ಈ ನಿಲುವು 1992ರ ನಿಷೇಧಕ್ಕಿಂತ ಮೇಲೆಂದು ನನ್ನ ಎಣಿಕೆ.

ಹ್ಯೂಸ್ಟನ್ನಿನ ಆ ತಾಯಿಯ ವಿಷಯ ಹೇಳುವುದು ಉಳಿಯಿತು. ಶಸ್ತ್ರಚಿಕಿತ್ಸೆಗೆ ಐವತ್ತು ವರ್ಷ ತುಂಬಿದ 2012ರಲ್ಲಿ ಪತ್ರಿಕೆಯವರು ಆಕೆಯನ್ನು ಹುಡುಕಿಕೊಂಡು ಹೋದರು. ಆಕೆಗೆ 80 ವರ್ಷ. 1962ರಲ್ಲಿ ಇಟ್ಟ ಚೀಲಗಳು ಆಗಲೂ ಅಲ್ಲೇ ಇದ್ದವು. ಕಿವಿಗಳನ್ನು ಮಾತು ಕೊಟ್ಟಂತೆ ಆಗಲೇ ಹಿಂದಕ್ಕೆ ಸರಿಮಾಡಿಕೊಟ್ಟಿದ್ದರು.